ದೀಪಾವಳಿಯಿಂದ ಬಿಸುವಿನೊಳಗೆ: ಮಗುವಿಗೆ ಒಂದಕ್ಕೆ, ಎರಡಕ್ಕೆ ಹೇಳಲು ಕಲಿಸುವ ಕ್ರಮ

ಮಳೆಗಾಲದಲ್ಲಿ ಶುರು ಮಾಡಬೇಡಿ. ಉಳಿದದ್ದೆಲ್ಲ ಆಮೇಲೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ, ಹೊಗೆ ಕುಡಿದುಕೊಂಡು. ಕಲಿಯಲು ತೊಡಗಿದ ಮಗು ಮೊದಲ ವಾರ ದಿನಕ್ಕೆ ಆರೇಳು ಚಡ್ಡಿ ಒದ್ದೆ ಮಾಡುತ್ತದೆ. ಒಣಗಿದ ಚಡ್ಡಿ ಮುಗಿದಾಗ ಅಮ್ಮನ ತಾಳ್ಮೆಯೂ ಮುಗಿಯುತ್ತದೆ, ಸಿಟ್ಟು ಮಗುವಿನ ಬೆನ್ನಿಗೆ ಬೀಳುತ್ತದೆ. ತುಲಾ ತಿಂಗಳ ಗುಡುಗು ಮಳೆಯೂ ಹಿಂದೆ ಸರಿದು, ದೀಪಾವಳಿ ಕಳೆದು, ಅಂಗಳದಲ್ಲಿ ಅಡಿಕೆ ಹರಡುವ ಹೊತ್ತು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿಂದ ಏಪ್ರಿಲ್ ನಡುವಿನ ಬಿಸು ಹಬ್ಬದ ತನಕ ಐದಾರು ತಿಂಗಳು ಬಿಸಿಲು ಕೈಯಲ್ಲಿರುತ್ತದೆ. ಜೂನ್‌ನಲ್ಲಿ ಅಂಗನವಾಡಿಯ ಬಾಗಿಲು ತೆರೆಯುವಾಗ ಓಡಾಡಬೇಕಾಗಿಲ್ಲ.

ದೊಡ್ಡ ಮಗನ ಸರದಿಯಲ್ಲಿ ನಾನು ಮಾಡಿದ್ದು ಇದಕ್ಕೆ ಸರಿಯಾಗಿ ಉಲ್ಟಾ. ಅವನಿಗೆ ಮೂರು ತುಂಬಿದ ವರ್ಷ, ಮೇ ತಿಂಗಳ ಕೊನೆಗೆ, ಎದ್ದೆನೋ ಬಿದ್ದೆನೋ ಎಂದು ಹೊರಟೆ. ಡೈಪರ್ ಹಾಕಿ ಅಂಗನವಾಡಿಗೆ ಕಳಿಸುವ ಹಾಗಿಲ್ಲ ಎಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ದಿನಕ್ಕೆ ಹತ್ತು ಸಲ ಕೂರಿಸಿದೆ, ಗದರಿದೆ, ಒಮ್ಮೆ ತೊಡೆಗೊಂದು ಕೊಟ್ಟೆ. ಒಂದಕ್ಕೆ ಹೋಗಲು ಹೇಗೋ ಕಲಿತ. ಎರಡಕ್ಕೆ ಮಾತ್ರ ಬಾಗಿಲ ಹಿಂದೆ ಅಡಗಿ, ಕಾಲಿಗೆ ಕಾಲು ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ನಿಲ್ಲತೊಡಗಿದ. ಮಾಡಲು ತಿಣುಕುತ್ತಿದ್ದಾನೆ ಎಂದುಕೊಂಡೆ ನಾನು. ಅವನು ತಡೆದುಕೊಳ್ಳುತ್ತಿದ್ದ. ಐದನೆಯ ದಿನ ಬಂದದ್ದು ಕಲ್ಲಿನ ಹಾಗೆ, ರಕ್ತದ ಗೆರೆಯೊಂದಿಗೆ. ಡಾಕ್ಟರು ಮದ್ದಿನ ಚೀಟಿ ಬರೆಯುವ ಮೊದಲೇ ಹೇಳಿದ್ದು, ಕಲಿಸುವುದನ್ನು ಇವತ್ತೇ ನಿಲ್ಲಿಸಿ ಎಂದು. ಮಲ ಮೆತ್ತಗಾಗಿ, ಆ ನೋವನ್ನು ಅವನು ಮರೆಯಲು ನಾಲ್ಕು ತಿಂಗಳು ಹಿಡಿಯಿತು. ಮಗಳ ಸರದಿ ಬಂದಾಗ ಅತ್ತೆ ಒಂದೇ ಮಾತು ಹೇಳಿದರು: "ಅಂಬೆರ್ಪು ಮಾಡೆಡ." ಅವಸರ ಮಾಡಲಿಲ್ಲ. ಅವಳಿಗೆ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಗು ತಯಾರಾಗಿದೆಯೇ ನೋಡಿ

ವಯಸ್ಸಿನ ಲೆಕ್ಕ ಹಿಡಿಯುವುದಾದರೆ ಒಂದೂವರೆ ವರ್ಷದ ಮೇಲೆ ಕೆಲವು ಮಕ್ಕಳು ತಯಾರಾಗುತ್ತಾರೆ, ಹೆಚ್ಚಿನವರು ಎರಡು ಮತ್ತು ಮೂರರ ನಡುವೆ. ಆದರೆ ಕ್ಯಾಲೆಂಡರಿಗಿಂತ ಮಗುವನ್ನು ನೋಡುವುದು ಮೇಲು. ಎರಡು ಗಂಟೆ ಚಡ್ಡಿ ಒಣಗಿಯೇ ಇರುತ್ತದೆಯೇ? ಮಧ್ಯಾಹ್ನ ಮಲಗಿ ಎದ್ದಾಗ ಒದ್ದೆಯಾಗದೆ ಇರುವುದುಂಟೇ? ಒದ್ದೆಯಾದದ್ದು ಗೊತ್ತಾಗಿ ಚಡ್ಡಿ ಎಳೆಯುತ್ತದೆಯೇ? ಮಾಡುವ ಮೊದಲು ಆಟ ನಿಲ್ಲಿಸಿ ಮೂಲೆಗೆ ಹೋಗುತ್ತದೆಯೇ? "ಆ ಚೆಂಡು ತಾ" ಎಂದರೆ ತರುತ್ತದೆಯೇ, ಕುಕ್ಕರಗಾಲಲ್ಲಿ ಕೂತು ತಾನಾಗಿ ಏಳುತ್ತದೆಯೇ? ಇವುಗಳಲ್ಲಿ ಹೆಚ್ಚಿನವಕ್ಕೆ ಹೌದು ಎಂದಾದರೆ ಶುರು ಮಾಡಬಹುದು. ಎರಡು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 90ರಿಂದ 120 ಮಿ.ಲೀ., ಒಂದು ಸಣ್ಣ ಕಾಫಿ ಲೋಟದಷ್ಟು. ಅದು ತುಂಬಿದ್ದು ತಿಳಿಯಬೇಕು, ತಿಳಿದ ಮೇಲೆ ಬಾಗಿಲ ತನಕ ತಡೆಯಬೇಕು. ಇವೆರಡೂ ನರಗಳು ಬಲಿತಾಗ ಬರುವ ಶಕ್ತಿ, ಗದರಿಕೆಯಿಂದ ಬರುವುದಿಲ್ಲ.

ಮನೆಯಲ್ಲಿ ಹೊಸ ಶಿಶು ಹುಟ್ಟಿದ್ದರೆ, ಮನೆ ಬದಲಾಗುತ್ತಿದ್ದರೆ, ರಜೆಗೆ ಬಂದ ಅಪ್ಪ ಗಲ್ಫಿಗೆ ವಾಪಸು ಹೊರಟ ವಾರವಾದರೆ, ಜ್ವರ ಬಿಟ್ಟು ಏಳುತ್ತಿದ್ದರೆ, ಸ್ವಲ್ಪ ಮುಂದೆ ಹಾಕಿ.

ಅಜ್ಜಿಯ ಪಾದಗಳು

ಪೇಟೆಯ ಪಾಟ್ಟಿ, ಅಂದರೆ ಮಕ್ಕಳನ್ನು ಒಂದಕ್ಕೆ ಎರಡಕ್ಕೆ ಕೂರಿಸುವ ಸಣ್ಣ ಪೀಠ, ಬರುವ ಮೊದಲು ನಮ್ಮ ಮನೆಗಳಲ್ಲಿ ಇದ್ದದ್ದು ಅಜ್ಜಿಯ ಕಾಲು. ಅಂಗಳದ ಬದಿಯಲ್ಲಿ ಕಾಲು ಚಾಚಿ ಕೂತು, ಎರಡು ಪಾದ ಸ್ವಲ್ಪ ಅಗಲಿಸಿ, ಆ ಪಾದಗಳ ಮೇಲೆ ಮಗುವನ್ನು ತಮ್ಮ ಕಡೆ ಮುಖ ಮಾಡಿ ಕೂರಿಸಿ, ಎರಡೂ ಕೈ ಹಿಡಿದು "ಉಸ್ಸ್..." ಎನ್ನುತ್ತಿದ್ದರು. ನನ್ನ ಅತ್ತೆ ಮಗಳನ್ನು ಆರು ತಿಂಗಳಿಂದಲೇ ಹಾಗೆ ಕೂರಿಸಿದ್ದಾರೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಸ್ನಾನಕ್ಕೆ ಮೊದಲು ಒಮ್ಮೆ. ಆದದ್ದನ್ನು ಅಡಿಕೆ ಹಾಳೆಯ ತುಂಡಿನಲ್ಲಿ ಬಾಚಿ ಕಕ್ಕಸಿಗೆ ಹಾಕಿ ನೀರು ಹೊಯ್ಯುವುದು. ಇದು ಕಲಿಕೆಯೇ ಅಲ್ಲ ಎನ್ನುವವರಿದ್ದಾರೆ, ಅಜ್ಜಿಯಲ್ಲವೇ ಹೊತ್ತು ನೋಡುವುದು ಎನ್ನುತ್ತಾರೆ. ಹೌದು, ಅಷ್ಟು ಎಳೆಯ ಮಗು ತಡೆಯಲಾರದು. ಆದರೆ ಈ ಭಂಗಿಯಲ್ಲಿ ಮಂಡಿ ಸೊಂಟಕ್ಕಿಂತ ಮೇಲಿರುತ್ತದೆ, ಮಲ ಸಲೀಸಾಗಿ ಇಳಿಯಲು ಬೇಕಾದದ್ದು ಇದೇ. ಎದುರಿಗೆ ನಗುವ ಮುಖವಿದೆ, ಬೀಳುವ ಹೆದರಿಕೆಯಿಲ್ಲ. "ಉಸ್ಸ್" ಎಂಬ ಸದ್ದಿಗೂ ಆ ಕ್ರಿಯೆಗೂ ಮಗುವಿನ ಮನಸ್ಸಿನಲ್ಲಿ ನಂಟು ಬೆಳೆಯುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಆ ಕೆಲಸ ಅವರಿಗೇ ಬಿಡಿ. ಮುಂದೆ ಪಾಟ್ಟಿಯಲ್ಲಿ ಕೂರಿಸುವಾಗಲೂ ಅದೇ ಸದ್ದು ಉಪಯೋಗಕ್ಕೆ ಬರುತ್ತದೆ.

ಯಾವ ಶಬ್ದ?

ಕಾಸರಗೋಡಿನ ಮನೆಗಳಿಗೆ ಇದು ನಿಜವಾಗಿ ದೊಡ್ಡ ವಿಷಯ. ಮನೆಯೊಳಗೆ ಹವ್ಯಕವೋ ಕರಾಡವೋ ಕೊಂಕಣಿಯೋ, ತೋಟದ ಕೆಲಸಕ್ಕೆ ಬರುವವರು ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಎರಡು ವರ್ಷದ ಮಗು ಇವೆಲ್ಲದರ ನಡುವೆ ಓಡಾಡುತ್ತದೆ, ಅವಸರದ ಹೊತ್ತಿನಲ್ಲಿ ಮಾತ್ರ ಒಂದೇ ಶಬ್ದ ಬಾಯಿಗೆ ಬರಬೇಕು. ಮಗ ಅಂಗನವಾಡಿಗೆ ಸೇರಿದ ಮೊದಲ ವಾರ ತೆಂಕಲಿನಿಂದ ಬಂದಿದ್ದ ಟೀಚರ್ ಪ್ರೀತಿಯಿಂದಲೇ "ಮುಳ್ಳಣೋ?" ಎಂದು ಕೇಳಿದರಂತೆ. ಮಲಯಾಳದಲ್ಲಿ ಅದು ಒಂದಕ್ಕೆ ಹೋಗಬೇಕೇ ಎಂಬ ಪ್ರಶ್ನೆ. ಇವನು ತನ್ನ ಎರಡೂ ಪಾದ ಎತ್ತಿ ಎತ್ತಿ ನೋಡಿ, ಮುಳ್ಳಿಲ್ಲ ಎಂದು ತಲೆಯಾಡಿಸಿದ್ದಾನೆ. ಐದು ನಿಮಿಷದಲ್ಲಿ ಚಾಪೆ ಒದ್ದೆ. "ಅಪ್ಪಿ" ಎಂದರೆ ಶಿರಸಿಯ ಕಡೆ ಮುದ್ದಿನ ಹುಡುಗ, ಮಲಯಾಳದ ಮನೆಯಲ್ಲಿ ಮಗುವಿನ ಮಲ.

ಆದ್ದರಿಂದ ಮನೆಯ ಎಲ್ಲರೂ ಕೂತು ಎರಡು ಶಬ್ದ ನಿಶ್ಚಯಿಸಿ. ನಾವು ಆರಿಸಿದ್ದು "ಸುಸ್ಸು" ಮತ್ತು "ಕಕ್ಕ". ಯಾವ ಭಾಷೆಯವರಿಗೂ ಊಹಿಸಲು ಕಷ್ಟವಿಲ್ಲ. ಅಪ್ಪ, ಅಮ್ಮ, ಅಜ್ಜ, ಮನೆಗೆಲಸಕ್ಕೆ ಬರುವ ಅಕ್ಕ, ಎಲ್ಲರ ಬಾಯಲ್ಲೂ ಅದೇ ಬರಲಿ. "ಛೀ", "ಗಲೀಜು", "ಇಶ್ಶಿ" ಎನ್ನುವುದನ್ನು ಆ ಜಾಗದಲ್ಲಿ ಬಿಟ್ಟುಬಿಡಿ. ತನ್ನ ಮೈಯಿಂದ ಬಂದದ್ದಕ್ಕೆ ಮೂಗು ಮುಚ್ಚುವವರನ್ನು ಕಂಡರೆ ಮಗು ಅದನ್ನು ಅಡಗಿಸಲು ಕಲಿಯುತ್ತದೆ.

ಬೇಕಾದದ್ದು ಸ್ವಲ್ಪವೇ

ನೆಲಕ್ಕೆ ಗಟ್ಟಿಯಾಗಿ ಕೂರುವ, ಅಡಿ ಅಗಲವಾದ ಒಂದು ಪಾಟ್ಟಿ ಸಾಕು. ಹಾಡು ಹಾಡುವ, ದೀಪ ಮಿನುಗುವ ದುಬಾರಿಯದ್ದು ಬೇಡ, ಮಗು ಅದರಲ್ಲಿ ಆಡುತ್ತಾ ಕೂರುತ್ತದೆ, ಬಂದ ಕೆಲಸ ಮರೆಯುತ್ತದೆ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಕಮೋಡ್ ಇರುವ ಮನೆಯಾದರೆ ಮಕ್ಕಳ ಸಣ್ಣ ಸೀಟು ಮೇಲಿಟ್ಟು, ಕಾಲ ಕೆಳಗೆ ಅಲುಗಾಡದ ಸ್ಟೂಲು ಕೊಡಿ. ಜೋತಾಡುವ ಕಾಲಿನಲ್ಲಿ ಎರಡಕ್ಕೆ ಮಾಡುವುದು ದೊಡ್ಡವರಿಗೂ ಕಷ್ಟ. ಎಲಾಸ್ಟಿಕ್‌ನ ಸಡಿಲ ಚಡ್ಡಿ ಹನ್ನೆರಡಾದರೂ ಇರಲಿ. ಗುಂಡಿ, ಜಿಪ್, ಲಾಡಿ ಯಾವುದೂ ಬೇಡ. ಹಳೆಯ ಬೈರಾಸುಗಳನ್ನು ಹರಿದು ಒರಸಲು ಇಟ್ಟುಕೊಳ್ಳಿ.

ತೋಟದ ಮನೆಗಳಲ್ಲಿ ಕಕ್ಕಸು ಇನ್ನೂ ಹೊರಗೇ ಇರುವುದುಂಟು, ಅಂಗಳ ದಾಟಿ ಬಚ್ಚಲುಕೊಟ್ಟಿಗೆಯ ಪಕ್ಕದಲ್ಲಿ. ಕತ್ತಲು, ಹಲ್ಲಿ, ಜೇಡ, ನೀರಿನ ದೊಡ್ಡ ಸದ್ದು, ಇವೆಲ್ಲ ಮಗುವಿಗೆ ನಿಜವಾದ ಭಯ. ಮೊದಲ ತಿಂಗಳು ಪಾಟ್ಟಿಯನ್ನು ಮನೆಯೊಳಗೇ ಒಂದು ಗೊತ್ತಾದ ಮೂಲೆಯಲ್ಲಿಡಿ. ಆದದ್ದನ್ನು ಕಕ್ಕಸಿಗೆ ಹೊಯ್ಯಲು ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ನೀರು ಅದರ ಕೈಯಿಂದಲೇ ಹೊಯ್ಯಿಸಿ. ಎರಡು ವಾರದಲ್ಲಿ ಆ ಕೋಣೆ ಪರಿಚಿತ ಜಾಗವಾಗುತ್ತದೆ. ಆಮೇಲೆ ಪಾಟ್ಟಿಯನ್ನು ಅಲ್ಲಿಗೆ ಸರಿಸಿ. ಕೊನೆಗೆ ನೆಲದ ಪ್ಯಾನ್. ದೊಡ್ಡವರ ಪ್ಯಾನ್‌ನಲ್ಲಿ ಹೆಜ್ಜೆ ಇಡುವ ಜಾಗಗಳ ನಡುವೆ ಅಂತರ ಜಾಸ್ತಿ, ಮಗುವಿಗೆ ಅದೊಂದು ಹೊಂಡದ ಹಾಗೆ ಕಾಣುತ್ತದೆ. ನೀವು ಎದುರಿಗೆ ಕೂತು ಎರಡೂ ಕೈ ಹಿಡಿದರೆ, ತಿಂಗಳೊಳಗೆ ಒಂದು ಕೈ ಬಿಡುತ್ತದೆ.

ಒಂದು ಎಚ್ಚರಿಕೆ. ಬಚ್ಚಲಿನಲ್ಲಿ ತುಂಬಿಟ್ಟ ಬಕೆಟ್ ಬೇಡ. ಬಗ್ಗಿ ನೋಡಿದ ಎಳೆಮಗು ತಲೆಕೆಳಗಾಗಿ ಬಿದ್ದರೆ ಒಂದು ಗೇಣು ನೀರಿನಲ್ಲೂ ಉಸಿರುಗಟ್ಟುತ್ತದೆ. ಬಿಸಿನೀರ ಹಂಡೆಯ ಕಡೆಗೂ ಕಣ್ಣಿರಲಿ.

ಮೊದಲ ಹತ್ತು ದಿನ

ಹೊರಗೆ ಹೋಗುವ ಕೆಲಸವಿಲ್ಲದ ಮೂರು ನಾಲ್ಕು ದಿನ ನೋಡಿ, ಬೆಳಿಗ್ಗೆ ಡೈಪರ್ ತೆಗೆದು ಚಡ್ಡಿ ಹಾಕಿ. ಎದ್ದ ಕೂಡಲೇ ಒಮ್ಮೆ ಕೂರಿಸಿ. ತಿಂಡಿ ತಿಂದ ಮೇಲೆ, ಹದಿನೈದರಿಂದ ಮೂವತ್ತು ನಿಮಿಷದೊಳಗೆ, ಇನ್ನೊಮ್ಮೆ. ಹೊಟ್ಟೆ ತುಂಬಿದಾಗ ದೊಡ್ಡಕರುಳು ತಾನಾಗಿ ಚುರುಕಾಗುವುದರಿಂದ ಎರಡಕ್ಕೆ ಇದು ಒಳ್ಳೆಯ ಹೊತ್ತು. ಆಮೇಲೆ ಎರಡು ಗಂಟೆಗೊಮ್ಮೆ, ಊಟದ ಮೇಲೆ, ಮಲಗುವ ಮೊದಲು. "ಸುಸ್ಸು ಬಂತಾ?" ಎಂದು ಕೇಳಿದರೆ ಆಟದಲ್ಲಿರುವ ಯಾವ ಮಗುವೂ ಇಲ್ಲ ಎಂದೇ ಹೇಳುತ್ತದೆ. "ಸುಸ್ಸಿನ ಹೊತ್ತಾಯಿತು, ಬಾ" ಎಂದರೆ ಬರುತ್ತದೆ.

ಕೂರುವುದು ಐದು ನಿಮಿಷದೊಳಗೆ. ಆಗದಿದ್ದರೆ ಎಬ್ಬಿಸಿ, "ಆಮೇಲೆ ನೋಡೋಣ." ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂರಿಸಬೇಡಿ. ಆದಾಗ ಸಂತೋಷ ತೋರಿಸಿ, ಆದರೆ ಮನೆಮಂದಿಯೆಲ್ಲ ಸೇರಿ ಚಪ್ಪಾಳೆ ತಟ್ಟುವಷ್ಟು ಬೇಡ. ನಾಳೆ ಆಗದಿದ್ದಾಗ ಚಪ್ಪಾಳೆ ಇಲ್ಲದ್ದು ಮಗುವಿಗೆ ಸೋಲಿನಂತೆ ಕಾಣುತ್ತದೆ. ಗಂಡುಮಕ್ಕಳಿಗೂ ಮೊದಲು ಕೂತೇ ಕಲಿಸಿ. ನಿಂತು ಮಾಡುವುದನ್ನು ಆಮೇಲೆ ಅಪ್ಪನನ್ನೋ ಅಣ್ಣನನ್ನೋ ನೋಡಿ ಕಲಿಯುತ್ತಾರೆ.

ನೆಲ ಒದ್ದೆಯಾಗಿಯೇ ಆಗುತ್ತದೆ. ಆಗ ಮಾತು ಇಷ್ಟೇ ಇರಲಿ: "ಸುಸ್ಸು ಹೋಯಿತು. ಮುಂದಿನ ಸಲ ಪಾಟ್ಟಿಗೆ. ಬಾ ಒರಸೋಣ." ಒರಸುವ ಬಟ್ಟೆಯ ಒಂದು ತುದಿ ಮಗುವಿನ ಕೈಗೂ ಕೊಡಿ. ಅದು ಶಿಕ್ಷೆಯಲ್ಲ, ಮುಖದಲ್ಲಿ ಸಿಟ್ಟು ಬೇಡ. ನನ್ನ ಮಗಳು ಮೂರನೆಯ ದಿನ ಅಂಗಳದಲ್ಲಿ ಒಣಗಲು ಹರಡಿದ್ದ ಅಡಿಕೆಯ ನಡುವೆ ನಿಂತಳು. ಮಾವ ಕಂಡರು. ಬಾಯಿಗೆ ಬಂದ ಮಾತು ನುಂಗಿ, ಒದ್ದೆಯಾದ ನಾಲ್ಕು ಅಡಿಕೆ ಹೆಕ್ಕಿ ಬದಿಗಿಟ್ಟು, ಅವಳ ಕೈಹಿಡಿದು ಪಾಟ್ಟಿಯ ತನಕ ನಡೆಸಿಕೊಂಡು ಹೋಗಿ ತೋರಿಸಿದರು. ಮರುದಿನ ಅವಳು ಅಜ್ಜನ ಹತ್ತಿರವೇ ಓಡಿಹೋಗಿ ಚಡ್ಡಿ ಹಿಡಿದುಕೊಂಡು ನಿಂತಳು. ಅವಳು ಮೊದಲ ಸಲ ತಾನಾಗಿ ಹೇಳಿದ್ದು ಅವರಿಗೆ, ನನಗಲ್ಲ.

ಎರಡು ವಾರವಾದರೂ ಏನೂ ಹತ್ತಲಿಲ್ಲ, ಅಥವಾ ಪಾಟ್ಟಿ ಕಂಡರೆ ಅಳುತ್ತದೆ ಎಂದಾದರೆ ಡೈಪರಿಗೆ ವಾಪಸು ಹೋಗಿ. ಒಂದೆರಡು ತಿಂಗಳು ಬಿಟ್ಟು ಮತ್ತೆ ನೋಡಿ.

ಎರಡಕ್ಕೆ: ಇಲ್ಲಿ ತಾಳ್ಮೆ ಹೆಚ್ಚು ಬೇಕು

ಹೆಚ್ಚಿನ ಮನೆಗಳಲ್ಲಿ ತೊಂದರೆಯಾಗುವುದು ಇಲ್ಲೇ. ಒಂದು ಸಲ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಮುಂದಿನ ಸಲ ತಡೆಯುತ್ತದೆ. ತಡೆದಷ್ಟೂ ದೊಡ್ಡಕರುಳು ಅದರ ನೀರನ್ನು ಹೀರುತ್ತದೆ, ಮಲ ಇನ್ನೂ ಗಟ್ಟಿಯಾಗುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಕರುಳು ಹಿಗ್ಗಿ, ಬಂದದ್ದೇ ತಿಳಿಯದಾಗಿ, ಗಟ್ಟಿ ಮಲದ ಬದಿಯಿಂದ ತೆಳ್ಳಗಿನದು ಚಡ್ಡಿಗೆ ಸೋರುತ್ತದೆ. ಭೇದಿ ಎಂದು ತಿಳಿದು ಅದಕ್ಕೆ ಮದ್ದು ಕೊಡುವವರಿದ್ದಾರೆ, ಬೇಕೆಂದೇ ಮಾಡುತ್ತಾನೆ ಎಂದು ಹೊಡೆಯುವವರೂ ಇದ್ದಾರೆ. ಮಗುವಿನ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ.

ಆದ್ದರಿಂದ ಕಲಿಸಲು ತೊಡಗುವ ಮೊದಲೇ ಮಲ ಹಣ್ಣಾದ ಬಾಳೆಹಣ್ಣಿನಷ್ಟು ಮೆತ್ತಗಿದೆಯೇ ನೋಡಿಕೊಳ್ಳಿ. ಹಾಲು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಬೇಡ. ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ಅನ್ನ, ಪಲ್ಯ ಮುಟ್ಟುವುದಿಲ್ಲ. ಬಸಳೆ, ಹರಿವೆ, ಚೆನ್ನಾಗಿ ಹಣ್ಣಾದ ಬಾಳೆಹಣ್ಣು, ಪಪ್ಪಾಯಿ, ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ, ಕುಚ್ಚಲಕ್ಕಿ ಗಂಜಿ, ಆಗಾಗ ನೀರು. ಬಿಸ್ಕೆಟ್ ಮತ್ತು ಬೇಕರಿಯ ಮೈದಾ ಕಡಿಮೆ ಮಾಡಿ. ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರು ಮೆತ್ತಗಾಗುವ ಸಿರಪ್ ಕೊಡುತ್ತಾರೆ, ಅವರು ಹೇಳಿದಷ್ಟು ಕಾಲ ಕೊಡಬೇಕು, ಎರಡು ದಿನ ಸರಿಹೋಯಿತೆಂದು ನಿಲ್ಲಿಸಬಾರದು. ವೀಳ್ಯದೆಲೆಯ ತೊಟ್ಟನ್ನೋ ಸಾಬೂನಿನ ಚೂರನ್ನೋ ಹಿಂದಿನಿಂದ ಇಡುವ ಹಳೆಯ ಉಪಾಯ ದಯವಿಟ್ಟು ಬೇಡ. ಹೆದರಿದ ಜಾಗಕ್ಕೇ ಇನ್ನಷ್ಟು ಹೆದರಿಕೆ ತುಂಬಿದಂತೆ. ಹರಳೆಣ್ಣೆ ಕುಡಿಸುವುದೂ ಬೇಡ.

ಡೈಪರ್ ಹಾಕಿದರೆ ಮಾತ್ರ ಎರಡಕ್ಕೆ ಮಾಡುತ್ತೇನೆ ಎನ್ನುವ ಮಕ್ಕಳುಂಟು. ಕೊಡಿ. ಡೈಪರ್ ಹಾಕಿಯೇ ಬಚ್ಚಲಿಗೆ ಕರೆದೊಯ್ಯಿರಿ, ಆಮೇಲೆ ಡೈಪರ್ ಸಮೇತ ಪಾಟ್ಟಿಯ ಮೇಲೆ ಕೂರಿಸಿ, ಕೊನೆಗೆ ಸಡಿಲ ಮಾಡಿ. ನನ್ನ ಮಗನಿಗೆ ಈ ಮೂರು ಮೆಟ್ಟಿಲಿಗೆ ಏಳು ವಾರ ಬೇಕಾಯಿತು. ತಡೆಯುವುದಕ್ಕಿಂತ ಡೈಪರಿನಲ್ಲಿ ಆಗುವುದು ಸಾವಿರ ಪಾಲು ಮೇಲು.

ತೊಳೆಯುವುದು, ಎಸೆಯುವುದು

ಹೆಣ್ಣುಮಕ್ಕಳಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹಿಂದಿನ ರೋಗಾಣು ಮೂತ್ರದ ದಾರಿಗೆ ಬಂದರೆ ಸೋಂಕು. ತೊಳೆದ ಮೇಲೆ ಮಗುವಿನ ಕೈಗೂ ನಿಮ್ಮ ಕೈಗೂ ಸಾಬೂನು, 20 ಸೆಕೆಂಡ್.

ಎಳೆಮಕ್ಕಳ ಮಲಕ್ಕೆ ದೋಷವಿಲ್ಲ ಎಂದು ತೋಟದ ಬದಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಉಂಟು. ದೋಷವಿದೆ. ಭೇದಿಯ, ಕಾಮಾಲೆಯ ರೋಗಾಣುಗಳು ಅದರಲ್ಲೂ ಇರುತ್ತವೆ. ನಾವು ಕುಡಿಯುವುದು ಬಾವಿಯ ನೀರು, ಇಲ್ಲವೇ ಗುಡ್ಡದ ಮುರಕಲ್ಲು ಕೊರೆದು ತೋಡಿದ ಸುರಂಗದಿಂದ ಹರಿದು ಬರುವ ನೀರು. ಮೇಲೆ ಎಸೆದದ್ದು ಮಳೆಯಲ್ಲಿ ಕೆಳಗೆ ಇಳಿಯುತ್ತದೆ. ಡೈಪರಿನಲ್ಲಾದದ್ದನ್ನೂ ಮೊದಲು ಕಕ್ಕಸಿಗೆ ಜಾರಿಸಿ, ಆಮೇಲೆ ಡೈಪರ್ ಸುತ್ತಿಡಿ. ಅದನ್ನು ಬಚ್ಚಲ ಒಲೆಗೆ ಹಾಕಬೇಡಿ, ಒಳಗೆ ಇರುವುದು ಪ್ಲಾಸ್ಟಿಕ್, ಆ ಹೊಗೆ ನೀವು ಸ್ನಾನ ಮಾಡುವ ಕೋಣೆಯಲ್ಲೇ ತುಂಬುತ್ತದೆ.

ರಾತ್ರಿ ಬೇರೆಯೇ ವಿಷಯ

ಹಗಲು ಕಲಿತ ಮಗು ರಾತ್ರಿಯೂ ಕಲಿತಿರಬೇಕೆಂದಿಲ್ಲ. ರಾತ್ರಿ ಮೂತ್ರ ಕಡಿಮೆಯಾಗುವಂತೆ ಮಾಡುವ ಒಂದು ಹಾರ್ಮೋನು ಮೈಯಲ್ಲಿ ಬಲಿಯಬೇಕು, ತುಂಬಿದ ಮೂತ್ರಕೋಶ ನಿದ್ದೆಯಿಂದ ಎಬ್ಬಿಸುವಂತಾಗಬೇಕು. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಂದಿ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ. ಅಪ್ಪನೋ ಅಮ್ಮನೋ ಚಿಕ್ಕಂದಿನಲ್ಲಿ ಹಾಗೆಯೇ ಇದ್ದರೆ ಮಗುವಿಗೂ ಬರುವುದು ಹೆಚ್ಚು. ಐದರವರೆಗೆ ಯಾವ ಮದ್ದೂ ಬೇಡ. ಹಾಸಿಗೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಡಚಿದ ಹಳೆಯ ಪಂಚೆ, ಮಲಗುವ ಮೊದಲು ಒಮ್ಮೆ ಸುಸ್ಸು. ಬೆಳಿಗ್ಗೆ ಒದ್ದೆ ಹಾಸಿಗೆಯನ್ನು ನೆಂಟರೆದುರು ಅಂಗಳಕ್ಕೆ ತಂದು ಕತೆ ಹೇಳಬೇಡಿ. ಆ ಮಗುವಿಗೆ ಎಲ್ಲವೂ ಅರ್ಥವಾಗುತ್ತದೆ.

ಹೆಚ್ಚು ಸಮಯ ಬೇಕಾದ ಮಕ್ಕಳು

ಗೇರು ತೋಟಗಳ ಎಂಡೋಸಲ್ಫಾನ್ ಸಿಂಪಡಣೆಯ ನೋವುಂಡ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯಂಥ ಪಂಚಾಯತುಗಳಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಸಾಕುವ ತಾಯಂದಿರಿದ್ದಾರೆ. ಮೇಲಿನ ತಿಂಗಳುಗಳ ಲೆಕ್ಕ ಅವರಿಗೆ ಹೊಂದುವುದಿಲ್ಲ. ಇಂಥ ಹೆಚ್ಚಿನ ಮಕ್ಕಳಿಗೂ ಹೊತ್ತಿಗೆ ಸರಿಯಾಗಿ ಕೂರಿಸುವ ಕ್ರಮ ನೆರವಾಗುತ್ತದೆ: ಒಂದು ವಾರ ಯಾವ ಯಾವ ಹೊತ್ತಿಗೆ ಒದ್ದೆಯಾಗುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಹತ್ತು ನಿಮಿಷ ಮೊದಲು ದಿನವೂ ಕೂರಿಸುವುದು. ಮಾತು ಬಾರದ ಮಗುವಿಗೆ ಪಾಟ್ಟಿಯ ಒಂದು ಚಿತ್ರ, ಇಲ್ಲವೇ ಹೊಟ್ಟೆ ಮುಟ್ಟುವ ಒಂದು ಸನ್ನೆ ಕಲಿಸಿ. ಇಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಗೆ ಹೋಗುವ ಮಗುವಾದರೆ ಅಲ್ಲಿಯೂ ಅದೇ ಚಿತ್ರ, ಅದೇ ಹೊತ್ತು ನಡೆಯುವಂತೆ ಟೀಚರಲ್ಲಿ ಮಾತಾಡಿಕೊಳ್ಳಿ.

ಡಾಕ್ಟರಲ್ಲಿಗೆ ಯಾವಾಗ

ಮೂತ್ರ ಮಾಡುವಾಗ ಅಳು, ಜೊತೆಗೆ ಜ್ವರ. ಮೂತ್ರದಲ್ಲೋ ಮಲದಲ್ಲೋ ರಕ್ತ. ಹೊತ್ತು ಗೊತ್ತಿಲ್ಲದೆ ಸದಾ ತೊಟ್ಟಿಕ್ಕುವುದು. ಆರು ತಿಂಗಳಿಗೂ ಹೆಚ್ಚು ಸರಿಯಾಗಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಒಮ್ಮೆ ತೋರಿಸಿ. ಅದರ ಜೊತೆ ಬಾಯಾರಿಕೆ ಹೆಚ್ಚಿ ಮೈ ಇಳಿಯುತ್ತಿದ್ದರೆ ಅದೇ ದಿನ ತೋರಿಸಿ, ಸಕ್ಕರೆ ಕಾಯಿಲೆ ಎಳೆಯರಿಗೂ ಬರುತ್ತದೆ. ನಾಲ್ಕು ದಾಟಿದರೂ ಹಗಲು ಹತೋಟಿ ಬಾರದಿದ್ದರೂ ಒಮ್ಮೆ ಕೇಳಿ.

ಅಂಗನವಾಡಿಯ ಮೊದಲ ದಿನ

ಜೂನ್‌ಗೆ ಮೊದಲೇ ಒಂದು ದಿನ ಮಗುವನ್ನು ಕರೆದೊಯ್ದು ಅಲ್ಲಿಯ ಕಕ್ಕಸು ತೋರಿಸಿ, ಸಾಧ್ಯವಾದರೆ ಒಮ್ಮೆ ಉಪಯೋಗಿಸಿಯೇ ಬನ್ನಿ. ಹೊಸ ಜಾಗದಲ್ಲಿ, ಹೊಸ ಮಳೆಯಲ್ಲಿ, ಮೊದಲ ತಿಂಗಳು ಕಲಿತದ್ದು ಮರೆತುಹೋದರೆ ಗಾಬರಿ ಬೇಡ. ಚೀಲದಲ್ಲಿ ಎರಡು ಚಡ್ಡಿ, ಒದ್ದೆಯದ್ದಕ್ಕೆ ಒಂದು ಕವರ್. ಮಗಳ ಚೀಲದಲ್ಲಿ ನಾನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಒಂದು ಚೀಟಿ ಇಟ್ಟಿದ್ದೆ, ಒಂದು ಪ್ರತಿ ಟೀಚರಿಗೆ, ಇನ್ನೊಂದು ಹೆಲ್ಪರಿಗೆ: "ಇವಳು ಸುಸ್ಸು ಎಂದರೆ ಒಂದಕ್ಕೆ, ಕಕ್ಕ ಎಂದರೆ ಎರಡಕ್ಕೆ. ಹೇಳಲು ನಾಚಿದರೆ ಎಡಗೈಯಲ್ಲಿ ಲಂಗ ಹಿಡಿಯುತ್ತಾಳೆ. ಹತ್ತೂವರೆಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಕರೆದರೆ ಸಾಕು. ಬಾಗಿಲು ಪೂರ್ತಿ ಮುಚ್ಚಬೇಡಿ, ಕತ್ತಲೆಗೆ ಹೆದರುತ್ತಾಳೆ."